ತಬಲಾ ಸಾಥಿಗೆ ಕುಳಿತ ಗುರು

ಗದಗಿನ ಪಂಚಾಕ್ಷರಿ ಗವಾಯಿಗಳು (1892–1944) ಹುಟ್ಟಿನಿಂದ ಅಂಧರು. ಹಾನಗಲ್ ತಾಲೂಕಿನ ಕಾಡಶೆಟ್ಟಿಹಳ್ಳಿಯ ಆ ಹುಡುಗನ ಕಂಠ ಗುರುತಿಸಿ ಸಂಗೀತಕ್ಕೆ ಹಚ್ಚಿದವರು ಹಾನಗಲ್ ಕುಮಾರ ಸ್ವಾಮಿಗಳು. ಮುಂದೆ ಗವಾಯಿಗಳೂ ಅಂಧ, ಅನಾಥ ಮಕ್ಕಳನ್ನು ಕಟ್ಟಿಕೊಂಡು ಊರೂರು ತಿರುಗುತ್ತ ಕಲಿಸಿದರು. 1936ರಲ್ಲಿ ಹಂಪಿಯಲ್ಲಿ ವಿಜಯನಗರದ ಆರುನೂರನೆಯ ವರ್ಷದ ಉತ್ಸವ ನಡೆಯಿತು. ಅಲ್ಲಿ ಹದಿಹರೆಯದ ಶಿಷ್ಯ ಬಸವರಾಜ ರಾಜಗುರು ಹಾಡಿದರು. ತಬಲಾ ಸಾಥಿಗೆ ಕುಳಿತವರು ಸ್ವತಃ ಗವಾಯಿಗಳು. ಸಭೆಯ ಮುಂದೆ ಗುರು ಪಕ್ಕವಾದ್ಯದ ಜಾಗಕ್ಕೆ ಸರಿದು ಕೂಡುವುದು ಸಣ್ಣ ಮಾತೇ? ಯಾವ ಪ್ರಶಸ್ತಿಪತ್ರಕ್ಕಿಂತಲೂ ಅದು ದೊಡ್ಡದೆಂದು ನನಗನಿಸುತ್ತದೆ. ನಮ್ಮ ಪಾಠಯೋಜನೆಯಲ್ಲಿ ಇದಕ್ಕೊಂದು ಕಲಂ ಇಲ್ಲ, ಇರಲಿ. ಸವಡಿಯ ಬೋಧನಾಭ್ಯಾಸದಲ್ಲಿ ಜಾಣ ಹುಡುಗಿಯೊಬ್ಬಳು ಪ್ರಯೋಗ ತೋರಿಸುವಾಗ ಪ್ರನಾಳ ಹಿಡಿದು ಪಕ್ಕದಲ್ಲಿ ನಿಲ್ಲುವ ಆಸೆ ನನಗಿದೆ. ಗವಾಯಿಗಳ ನಂತರ ವೀರೇಶ್ವರ ಪುಣ್ಯಾಶ್ರಮವನ್ನು ನಡೆಸಿದವರೂ ಅವರ ಶಿಷ್ಯರೇ, ಪುಟ್ಟರಾಜ ಗವಾಯಿಗಳು.