ಗಾಳಿಯನ್ನು ಕಟ್ಟಿದ ಪಶುವೈದ್ಯ: ಜಾನ್ ಬಾಯ್ಡ್ ಡನ್‌ಲಪ್

ಹೆಸರು ಉಳಿಯಲೆಂದು ಹಂಬಲಿಸದ ಮನುಷ್ಯ ವಿರಳ. ಆದರೆ ಹೆಸರು ಉಳಿಯುವ ಬಗೆಗಳು ಹಲವು. ಕೆಲವರ ಹೆಸರು ಗ್ರಂಥಗಳಲ್ಲಿ ಉಳಿಯುತ್ತದೆ, ಕೆಲವರದು ಶಾಸನಗಳಲ್ಲಿ, ಇನ್ನು ಕೆಲವರದು ಜನರ ಬಾಯಲ್ಲಿ. ಇವೆಲ್ಲಕ್ಕಿಂತ ವಿಚಿತ್ರವಾದ ಇನ್ನೊಂದು ಬಗೆಯುಂಟು. ಹೆಸರು ಒಂದು ವಸ್ತುವಿನ ಮೇಲೆ ಅಚ್ಚಾಗಿ, ದೇಶದೇಶಗಳನ್ನು ಸುತ್ತಿ, ಕೊನೆಗೆ ಅದು ಒಬ್ಬ ಮನುಷ್ಯನ ಹೆಸರಾಗಿತ್ತೆಂಬುದೇ ಮರೆತುಹೋಗುವುದು. ಡನ್‌ಲಪ್ ಎಂಬ ಹೆಸರಿಗೆ ಒದಗಿದ ಗತಿ ಇದು. ಟಯರಿನ ಮೇಲೆ ಆ ಅಕ್ಷರಗಳನ್ನು ಓದಿದವರು ಲೆಕ್ಕವಿಲ್ಲದಷ್ಟು ಮಂದಿ. ಅವುಗಳ ಹಿಂದೆ ಉದ್ದ ಗಡ್ಡದ, ಸಂಕೋಚ ಸ್ವಭಾವದ, ಬಾಳಿನ ಬಹುಭಾಗವನ್ನು ದನ ಕುದುರೆಗಳ ಚಿಕಿತ್ಸೆಯಲ್ಲಿ ಕಳೆದ ಒಬ್ಬ ಪಶುವೈದ್ಯನಿದ್ದನೆಂದು ಬಲ್ಲವರು ಕೆಲವರೇ.

ಜಾನ್ ಬಾಯ್ಡ್ ಡನ್‌ಲಪ್ ಹುಟ್ಟಿದ್ದು 1840ರ ಫೆಬ್ರವರಿ 5ರಂದು, ಸ್ಕಾಟ್ಲೆಂಡಿನ ಐರ್‌ಶೈರ್ ಪ್ರಾಂತದ ಡ್ರೆಗ್‌ಹಾರ್ನ್ ಎಂಬ ಹಳ್ಳಿಯ ಒಂದು ಒಕ್ಕಲು ಮನೆತನದಲ್ಲಿ. ತಾನು ತಿಂಗಳು ತುಂಬುವ ಮೊದಲೇ ಹುಟ್ಟಿದವನು, ಆದುದರಿಂದ ತನ್ನ ದೇಹಸ್ಥಿತಿ ನಾಜೂಕಾದದ್ದು ಎಂಬ ನಂಬಿಕೆ ಅವನಲ್ಲಿ ಬಾಲ್ಯದಿಂದಲೂ ಬೇರೂರಿತ್ತು. ಆ ನಂಬಿಕೆಯಿಂದಲೇ ಅವನು ಎಲ್ಲದರಲ್ಲೂ ಹಿತಮಿತವನ್ನು ಪಾಲಿಸಿದನು. ಪಾಲಿಸಿ, ಗಟ್ಟಿಮುಟ್ಟಾದ ಸಮವಯಸ್ಕರು ಅನೇಕರು ಕಾಲವಾದ ಮೇಲೂ ಬದುಕಿದ್ದನು. ಎಡಿನ್‌ಬರೊದಲ್ಲಿ ಪಶುವೈದ್ಯವನ್ನು ಕಲಿತು, ಅಲ್ಲಿಯೇ ಸುಮಾರು ಹತ್ತು ವರ್ಷ ವೃತ್ತಿ ನಡೆಸಿ, 1867ರಲ್ಲಿ ಐರ್ಲೆಂಡಿಗೆ ಹೋದನು. 1871ರಲ್ಲಿ ಮಾರ್ಗರೆಟ್ ಸ್ಟೀವನ್‌ಸನ್ ಎಂಬಾಕೆಯೊಡನೆ ವಿವಾಹವಾಯಿತು. ಒಬ್ಬ ಮಗಳು, ಒಬ್ಬ ಮಗ. 1880ರ ದಶಕದ ನಡುವಿನ ಹೊತ್ತಿಗೆ ಬೆಲ್‌ಫಾಸ್ಟ್ ನಗರದಲ್ಲಿದ್ದ ಅವನ ಚಿಕಿತ್ಸಾಲಯ ಐರ್ಲೆಂಡಿನ ದೊಡ್ಡ ಪಶುಚಿಕಿತ್ಸಾಲಯಗಳಲ್ಲಿ ಒಂದೆನಿಸಿತ್ತು. ನಲವತ್ತೇಳನೆಯ ವಯಸ್ಸಿನವರೆಗೆ ಅವನ ಕಥೆ ಇಷ್ಟೇ. ಜಗತ್ತು ನೆನಪಿಟ್ಟುಕೊಳ್ಳಬೇಕಾದ ಸಂಗತಿ ಇದರಲ್ಲಿ ಏನೂ ಇರಲಿಲ್ಲ.

ಆ ಕಾಲದ ಚಕ್ರಗಳ ಸ್ಥಿತಿಯನ್ನು ಇಲ್ಲಿ ನೆನೆಯಬೇಕು. ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ; ಬೈಸಿಕಲ್ಲಿನ ಚಕ್ರಕ್ಕೆ ಗಟ್ಟಿ ರಬ್ಬರಿನ ಪಟ್ಟಿ. ಕಲ್ಲು ಹಾಸಿದ ಬೀದಿಯ ಪ್ರತಿಯೊಂದು ಉಬ್ಬುತಗ್ಗೂ ಸವಾರನ ಬೆನ್ನೆಲುಬಿಗೆ ಯಥಾವತ್ತಾಗಿ ತಲಪುತ್ತಿತ್ತು. ಡನ್‌ಲಪ್ಪನ ಮಗ ಜಾನಿ ಆಗ ಹತ್ತರ ಆಸುಪಾಸಿನ ಹುಡುಗ. ಅವನಿಗೊಂದು ಮೂರು ಚಕ್ರದ ಸೈಕಲ್ಲು. ಬೆಲ್‌ಫಾಸ್ಟಿನ ಒರಟು ಬೀದಿಗಳಲ್ಲಿ ಅದನ್ನು ತುಳಿಯುವ ಕಷ್ಟ ತಂದೆಯ ಗಮನಕ್ಕೆ ಬಂದಿತು. ಪಶುಚಿಕಿತ್ಸೆಯ ಕೆಲಸಕ್ಕೆಂದು ರಬ್ಬರಿನ ಸಲಕರಣೆಗಳನ್ನು ತಾನೇ ಮಾಡಿಕೊಂಡು ಅವನ ಕೈ ಪಳಗಿತ್ತು. ರಬ್ಬರಿನ ತಾಳಿಕೆಯೇನು, ಅದರ ಚೈತನ್ಯವೇನು ಎಂಬುದನ್ನು ಅವನು ಬಲ್ಲವನಾಗಿದ್ದನು.

1887ರ ಅಕ್ಟೋಬರಿನಲ್ಲಿ ತನ್ನ ಮನೆಯ ಅಂಗಳದಲ್ಲಿ ಅವನು ನಡೆಸಿದ ಪ್ರಯೋಗ ಅತಿ ಸರಳವಾದದ್ದು. ಮರದ ಒಂದು ದೊಡ್ಡ ಬಿಲ್ಲೆ. ತೆಳು ರಬ್ಬರಿನ ಹಾಳೆಯನ್ನು ಅಂಟಿಸಿ ಮಾಡಿದ ಒಂದು ಕೊಳವೆ. ಕೊಳವೆಯನ್ನು ಬಿಲ್ಲೆಯ ಅಂಚಿಗೆ ಸುತ್ತಿ, ಮೇಲೆ ಬಟ್ಟೆಯ ಪಟ್ಟಿ ಹೊದಿಸಿ, ಪಟ್ಟಿಯನ್ನು ಮರಕ್ಕೆ ಮೊಳೆಯಿಂದ ಬಿಗಿದನು. ಕಾಲ್ಚೆಂಡಿಗೆ ಗಾಳಿ ಹೊಡೆಯುವ ಪಂಪಿನಿಂದ ಅದಕ್ಕೆ ಗಾಳಿ ತುಂಬಿ ಬಾಯಿ ಕಟ್ಟಿದನು. ಅನಂತರ ಮಗನ ಸೈಕಲ್ಲಿನ ಗಟ್ಟಿ ರಬ್ಬರಿನ ಚಕ್ರವನ್ನೂ ಈ ಬಿಲ್ಲೆಯನ್ನೂ ಒಂದಾದಮೇಲೊಂದರಂತೆ ಅಂಗಳದಲ್ಲಿ ಉರುಳಿಸಿ ಬಿಟ್ಟನು. ಹಳೆಯ ಚಕ್ರ ಅಂಗಳದ ಆ ತುದಿಯನ್ನು ಮುಟ್ಟುವ ಮೊದಲೇ ತತ್ತರಿಸಿ ಮಲಗಿತು. ಗಾಳಿಯ ಬಿಲ್ಲೆಯಾದರೋ ಕೊನೆಯವರೆಗೂ ಉರುಳಿ, ಬಾಗಿಲ ಕಂಬಕ್ಕೆ ಬಡಿದು, ಪುಟಿದು ಹಿಂದಕ್ಕೆ ಬಂದಿತು. ಮುಂದಿನ ವರ್ಷದ ಮೊದಲಲ್ಲಿ ಜಾನಿಯ ಸೈಕಲ್ಲಿನ ಹಿಂದಿನ ಎರಡು ಚಕ್ರಗಳಿಗೂ ಗಾಳಿಯ ಟಯರು ಬಂದಿತು. 1888ರ ಜುಲೈ 23ರಂದು ಪೇಟೆಂಟಿಗೆ ಅರ್ಜಿ ಹೋಯಿತು. ವರ್ಷ ಮುಗಿಯುವ ಮೊದಲೇ ಅದು ದೊರೆತೂ ದೊರೆಯಿತು.

ಹೊಸತನ್ನು ನಂಬಿಸುವುದಕ್ಕೆ ವಾದಕ್ಕಿಂತ ಪಂದ್ಯ ಬಲವಾದ ಸಾಧನ. 1889ರ ಮೇ 18ರಂದು ಬೆಲ್‌ಫಾಸ್ಟಿನ ಕ್ವೀನ್ಸ್ ಕಾಲೇಜಿನ ಕ್ರೀಡಾಕೂಟಕ್ಕೆ ವಿಲ್ಲಿ ಹ್ಯೂಮ್ ಎಂಬ ಸವಾರನು ಗಾಳಿಯ ಟಯರುಗಳ ಬೈಸಿಕಲ್ಲಿನೊಡನೆ ಬಂದಾಗ ಆ ಊದಿಕೊಂಡ ಚಕ್ರಗಳನ್ನು ಕಂಡು ಜನ ನಕ್ಕರು. ಹ್ಯೂಮ್ ತಾನು ಸ್ಪರ್ಧಿಸಿದ ನಾಲ್ಕು ಓಟಗಳನ್ನೂ ಗೆದ್ದನು. ಅವನಿಗೆ ಸೋತವರಲ್ಲಿ ಡಬ್ಲಿನ್ನಿನ ವರ್ತಕ ಹಾರ್ವೆ ಡು ಕ್ರೋನ ಮಕ್ಕಳೂ ಇದ್ದರು. ಮಕ್ಕಳ ಸೋಲಿನಲ್ಲಿ ತಂದೆ ಒಂದು ಮಹಾವಾಣಿಜ್ಯವನ್ನು ಕಂಡನು. ಅದೇ ವರ್ಷ ಡಬ್ಲಿನ್ನಿನಲ್ಲಿ ಕಂಪೆನಿ ಸ್ಥಾಪನೆಯಾಯಿತು. ಅದರ ಆಡಳಿತವೆಲ್ಲ ಡು ಕ್ರೋನ ಕೈಯಲ್ಲಿ. ಡನ್‌ಲಪ್ ತನ್ನ ಪೇಟೆಂಟಿನ ಹಕ್ಕನ್ನು ಸ್ವಲ್ಪ ನಗದಿಗೂ ಕೆಲವು ಷೇರುಗಳಿಗೂ ಕೊಟ್ಟು, ಚಿಕಿತ್ಸಾಲಯವನ್ನು ಬಿಟ್ಟು ಡಬ್ಲಿನ್ನಿಗೆ ಹೋದನು.

ಇಲ್ಲಿಗೆ ಕಥೆ ಮುಗಿದಿದ್ದರೆ ಅದು ಮಕ್ಕಳ ಪಾಠಪುಸ್ತಕಕ್ಕೆ ತಕ್ಕ ಕಥೆಯಾಗುತ್ತಿತ್ತು. ಆದರೆ 1890ರಲ್ಲಿ ಒಂದು ಸಿಡಿಲು ಎರಗಿತು. ಗಾಳಿಯ ಟಯರಿಗೆ ನಾಲ್ಕು ದಶಕಗಳ ಹಿಂದೆಯೇ ಇನ್ನೊಬ್ಬನು ಪೇಟೆಂಟು ಪಡೆದಿದ್ದನೆಂಬುದು ಬೆಳಕಿಗೆ ಬಂದು, ಡನ್‌ಲಪ್ಪನ ಪೇಟೆಂಟು ನಿರರ್ಥಕವಾಯಿತು. ಆ ಇನ್ನೊಬ್ಬನು ರಾಬರ್ಟ್ ವಿಲಿಯಂ ಥಾಮ್ಸನ್, ಅವನೂ ಸ್ಕಾಟ್ಲೆಂಡಿನವನೇ. 1822ರಲ್ಲಿ ಸ್ಟೋನ್‌ಹೇವನ್ನಿನಲ್ಲಿ ಹುಟ್ಟಿದ ಆ ಪ್ರತಿಭಾಶಾಲಿ 1845ರಲ್ಲಿ, ಎಂದರೆ ಇಪ್ಪತ್ತಮೂರನೆಯ ವಯಸ್ಸಿನಲ್ಲಿ, ರಬ್ಬರು ಸವರಿದ ಬಟ್ಟೆಯ ಕೊಳವೆಗೆ ಗಾಳಿ ತುಂಬಿ ಚರ್ಮದ ಕವಚ ತೊಡಿಸುವ ಉಪಾಯವನ್ನು ಕಂಡುಹಿಡಿದಿದ್ದನು. 1847ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ ಆ ಚಕ್ರಗಳ ಕುದುರೆಗಾಡಿಯನ್ನು ಓಡಿಸಿಯೂ ತೋರಿಸಿದ್ದನು. ಸದ್ದಿಲ್ಲ, ಕುಲುಕಾಟವಿಲ್ಲ, ಕುದುರೆಗೆ ಶ್ರಮವೂ ಕಡಮೆ. ಆದರೆ ಆಗ ತೆಳು ರಬ್ಬರು ದುಬಾರಿಯಾಗಿತ್ತು. ಅದನ್ನು ಬೇಡುವ ಬೈಸಿಕಲ್ಲಾಗಲಿ ಕಾರಾಗಲಿ ಇನ್ನೂ ಹುಟ್ಟಿರಲಿಲ್ಲ. ಲೋಕ ಅದನ್ನು ಗಾಳಿಗೋಪುರವೆಂದೇ ಬಗೆದು ಮರೆಯಿತು. ಥಾಮ್ಸನ್ 1873ರಲ್ಲಿ ತೀರಿಕೊಂಡನು. ಡನ್‌ಲಪ್ ತನ್ನ ಅಂಗಳದಲ್ಲಿ ಬಿಲ್ಲೆ ಉರುಳಿಸಿದಾಗ ಆ ಘಟನೆಗೆ ಹದಿನಾಲ್ಕು ವರ್ಷ.

ಹಾಗಾದರೆ ಕೀರ್ತಿ ಯಾರಿಗೆ ಸಲ್ಲಬೇಕು? ಕಾಲಕ್ರಮವನ್ನು ನೋಡಿದರೆ ಥಾಮ್ಸನ್ನನಿಗೆ, ಸಂಶಯವಿಲ್ಲ. ಆದರೆ ಡನ್‌ಲಪ್ ಅವನ ಸೊತ್ತನ್ನು ಕದ್ದವನಲ್ಲ. ಯಾರ ದಾರಿಯನ್ನೂ ಕಾಣದೆ ತಾನೇ ನಡೆದು ಅದೇ ತಾಣವನ್ನು ತಲಪಿದವನು. ಥಾಮ್ಸನ್ನನ ಕಲ್ಪನೆ ಗಾಳಿ ಪೂರ್ತಿ ಇಳಿದ ಚಕ್ರದಂತೆ ನಾಲ್ಕು ದಶಕ ನೆಲಕ್ಕೊರಗಿತ್ತು. ಅದಕ್ಕೆ ಮತ್ತೆ ಗಾಳಿ ತುಂಬಿ ಎತ್ತಿ ನಿಲ್ಲಿಸಿದವನು ಡನ್‌ಲಪ್. ಉಪಜ್ಞೆಯ ಚರಿತ್ರೆಯಲ್ಲಿ ಮೊದಲು ಕಂಡವನೊಬ್ಬ, ಉರುಳಿಸಿದವನೊಬ್ಬ. ಇಬ್ಬರಲ್ಲಿ ಒಬ್ಬನನ್ನು ಅಳಿಸಿ ಇನ್ನೊಬ್ಬನನ್ನು ಮೆರೆಸುವುದು ನ್ಯಾಯವಲ್ಲ.

ಅಷ್ಟೇ ಅಲ್ಲ, ಡನ್‌ಲಪ್ಪನ ಟಯರೂ ಸ್ವಯಂಪೂರ್ಣವಾಗಿರಲಿಲ್ಲ. ಅದನ್ನು ಚಕ್ರಕ್ಕೆ ಅಂಟಿಸಿಬಿಡುತ್ತಿದ್ದುದರಿಂದ ಮುಳ್ಳು ಚುಚ್ಚಿದರೆ ಕಿತ್ತು ತೆಗೆದು ಸರಿಪಡಿಸುವುದೊಂದು ದೊಡ್ಡ ರಾದ್ಧಾಂತವಾಗುತ್ತಿತ್ತು. 1890ರಲ್ಲಿ ವೆಲ್ಚ್ ಎಂಬವನು ಟಯರಿನ ಎರಡು ಅಂಚುಗಳಲ್ಲಿ ತಂತಿಯನ್ನು ಹುದುಗಿಸಿ, ಟಯರು ರಿಮ್ಮಿನಲ್ಲಿ ತಾನಾಗಿ ಕುಳಿತುಕೊಳ್ಳುವಂತೆಯೂ ಬೇಕಾದಾಗ ಬಿಚ್ಚಲು ಬರುವಂತೆಯೂ ಮಾಡಿದನು. ಅದೇ ವರ್ಷ ಬಾರ್ಟ್‌ಲೆಟ್ ಇನ್ನೊಂದು ಬಗೆಯ ಅಂಚನ್ನು ರೂಪಿಸಿದನು. ಈ ಹಕ್ಕುಗಳನ್ನು ಕೊಂಡೇ ಡು ಕ್ರೋ ಕಂಪೆನಿಯನ್ನು ಉಳಿಸಿದ್ದು. ಗಾಳಿಯನ್ನು ಒಳಕ್ಕೆ ಬಿಟ್ಟು ಹೊರಕ್ಕೆ ಬಿಡದ, ಬೇಕೆಂದಾಗ ಮಾತ್ರ ಹೊರಹಾಕುವ ವಾಲ್ವು ವುಡ್ಸ್ ಎಂಬವನದು. ವಿಧಿಯ ವಿನೋದವೆಂದರೆ ಹಲವು ದೇಶಗಳಲ್ಲಿ ಆ ವಾಲ್ವಿಗೂ ಡನ್‌ಲಪ್ಪನ ಹೆಸರೇ ನಿಂತಿದೆ! ತನ್ನದಲ್ಲದ್ದು ತನ್ನ ಹೆಸರಿನಲ್ಲಿ, ತನ್ನದಾದದ್ದು ಇನ್ನೊಬ್ಬರ ಲೆಕ್ಕದಲ್ಲಿ!

ಬೈಸಿಕಲ್ಲಿನ ಟಯರು ಕಾರಿಗೆ ಬಂದದ್ದು 1895ರಲ್ಲಿ. ಫ್ರಾನ್ಸಿನ ಮಿಷೆಲಿನ್ ಸಹೋದರರು ಪ್ಯಾರಿಸ್ಸಿನಿಂದ ಬೋರ್ಡೊ ನಗರಕ್ಕೆ ಹೋಗಿ ಮರಳುವ ಪಂದ್ಯದಲ್ಲಿ ಗಾಳಿಯ ಟಯರಿನ ಕಾರನ್ನು ಓಡಿಸಿದರು. ಹೆಜ್ಜೆಹೆಜ್ಜೆಗೂ ಪಂಕ್ಚರು. ಗೊತ್ತುಪಡಿಸಿದ ಅವಧಿಯೊಳಗೆ ಅವರು ಮರಳಲಾಗಲಿಲ್ಲ. ಆದರೆ ಕಾರು ಗಾಳಿಯ ಮೇಲೆ ಓಡಬಲ್ಲದೆಂಬುದು ಸಿದ್ಧವಾಯಿತು.

ಇಂದು ಗಾಳಿ ಪೂರ್ತಿ ಇಳಿದ ಕಾರಿನ ಟಯರಿಗೆ ಗಾಳಿ ಹೊಡೆಯುವವನ ಕೈಯಲ್ಲಿ ಈ ಚರಿತ್ರೆಯೆಲ್ಲ ಅಡಗಿದೆ. ಸಾವಿರ ಕಿಲೋಗ್ರಾಂ ತೂಕದ ಕಾರಿನಲ್ಲಿ ಒಂದೊಂದು ಚಕ್ರದ ಪಾಲು ಸುಮಾರು 250 ಕಿಲೋಗ್ರಾಂ. ಚದರ ಅಂಗುಲಕ್ಕೆ 30 ಪೌಂಡು ಒತ್ತಡದ ಗಾಳಿಯಿದ್ದರೆ ಆ ಭಾರವನ್ನು ಹೊರಲು ಟಯರು ನೆಲವನ್ನು ಮುಟ್ಟಬೇಕಾದದ್ದು ಸುಮಾರು 120 ಚದರ ಸೆಂಟಿಮೀಟರು, ಎಂದರೆ ಒಂದು ಅಂಗೈಯಷ್ಟು ಜಾಗ ಮಾತ್ರ. ಗಾಳಿ ಹೋಯಿತೆಂದರೆ ಅಷ್ಟೂ ಭಾರ ಟಯರಿನ ಮೆತ್ತನೆಯ ಪಕ್ಕೆಗಳ ಮೇಲೆ ಕುಸಿಯುತ್ತದೆ. ಆದುದರಿಂದಲೇ ತಿಳಿದವರು ಮೊದಲು ಜಾಕ್ ಕೊಟ್ಟು ಕಾರನ್ನೆತ್ತಿ, ಟಯರಿಗೆ ಉಸಿರಾಡಲು ಅವಕಾಶ ಮಾಡಿಕೊಡುತ್ತಾರೆ. ಟ್ಯೂಬಿಲ್ಲದ ಟಯರಾದರೆ ವೆಲ್ಚನ ತಂತಿಯಂಚು ರಿಮ್ಮಿನಿಂದ ಜಾರಿರುವುದುಂಟು. ಆಗ ಪುಟ್ಟ ಪಂಪಿನಿಂದ ಎಷ್ಟು ಹೊಡೆದರೂ ಗಾಳಿ ಅಂಚಿನ ಸಂದಿಯಿಂದ ಸೋರಿಹೋಗುತ್ತದೆ. ಕಂಪ್ರೆಸರಿನಿಂದ ರಭಸವಾಗಿ ನುಗ್ಗಿದ ಗಾಳಿಯೇ ಆ ಅಂಚನ್ನು ದೂಡಿ, ಠಪ್ಪೆಂಬ ಸದ್ದಿನೊಡನೆ ಸ್ವಸ್ಥಾನದಲ್ಲಿ ಕೂರಿಸಬೇಕು. ಗಾಳಿಯಿಲ್ಲದೆಯೇ ದೂರ ಓಡಿಸಿ ಪಕ್ಕೆ ಒಳಗೊಳಗೇ ಹರಿದಿದ್ದರೆ ಅದಕ್ಕೆ ಗಾಳಿ ತುಂಬುವುದೇ ಅಪಾಯ. ಅಂಚು, ವಾಲ್ವು, ಗಾಳಿ ಮೂರೂ ಕೂಡಿದರೆ ಮಾತ್ರ ಚಕ್ರ ಮೇಲೇಳುತ್ತದೆ. ಒಂದು ತಪ್ಪಿದರೂ ಉಳಿದೆರಡು ವ್ಯರ್ಥ. ಒಬ್ಬನೇ ಕಂಡುಹಿಡಿದನೆಂದು ನಾವು ಸುಲಭವಾಗಿ ಹೇಳುವ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೆ?

ಡನ್‌ಲಪ್ಪನ ಉಳಿದ ಬಾಳು ಶಾಂತವಾದದ್ದು. ಸ್ವಲ್ಪ ಖಿನ್ನವಾದದ್ದೂ ಹೌದು. 1895ರಲ್ಲಿ ಅವನು ಕಂಪೆನಿಯಿಂದ ಹೊರಬಂದು ತನ್ನ ಷೇರುಗಳನ್ನು ಮಾರಿಬಿಟ್ಟನು. ಮರುವರ್ಷವೇ ಡು ಕ್ರೋ ಆ ಉದ್ಯಮವನ್ನು 30 ಲಕ್ಷ ಪೌಂಡುಗಳಿಗೆ ಮಾರಿದನು. ಕೊಂಡವನು ಅದನ್ನೇ 50 ಲಕ್ಷ ಪೌಂಡಿನ ಹೊಸ ಕಂಪೆನಿಯನ್ನಾಗಿ ಸಾರ್ವಜನಿಕರ ಮುಂದಿಟ್ಟನು. ಸಂಪತ್ತಿನ ಹೊಳೆ ಹರಿದಾಗ ಅದರ ಒರತೆಯನ್ನು ತೋಡಿದವನು ದಡದಲ್ಲಿಯೂ ಇರಲಿಲ್ಲ. ಡಬ್ಲಿನ್ನಿನ ಒಂದು ಜವಳಿ ವ್ಯಾಪಾರದಲ್ಲಿ ಪಾಲುದಾರನಾಗಿ ಅವನು ಕಾಲ ಕಳೆದನು. ಅವನ ಹೆಸರು ಮಾತ್ರವಲ್ಲ, ಗಡ್ಡದ ಮುಖವೂ ಕಂಪೆನಿಯ ಮುದ್ರೆಯಾಗಿ ಹೋಗಿತ್ತು. ಆ ಮುಖವನ್ನು ಶೋಕಿಲಾಲನೊಬ್ಬನ ದೇಹಕ್ಕೆ ಜೋಡಿಸಿದ ಜಾಹೀರಾತುಗಳು ಹೊರಟಾಗ, ಎಂಬತ್ತರ ಸಮೀಪದ ಆ ಸಂಕೋಚದ ಮುದುಕ ಸಹಿಸಲಾರದೆ, ತನ್ನದೇ ಹೆಸರಿನ ಕಂಪೆನಿಯ ಮೇಲೆ ದಾವೆ ಹೂಡಿದನು. ಹಣ ಹೋದಾಗ ಕದಲದವನು ಮುಖಕ್ಕಾದ ಅಪಹಾಸ್ಯಕ್ಕೆ ನೊಂದನು. ಅವನ ಸ್ವಭಾವವನ್ನು ಅರಿಯಲು ಇಷ್ಟು ಸಾಕು.

1921ರ ಅಕ್ಟೋಬರಿನಲ್ಲಿ ಶೀತವಾಗಿ ಮಲಗಿದವನು ಮತ್ತೆ ಏಳಲಿಲ್ಲ. ಅದೇ ತಿಂಗಳ 23ರಂದು, ಎಂಬತ್ತೊಂದನೆಯ ವಯಸ್ಸಿನಲ್ಲಿ, ಡಬ್ಲಿನ್ನಿನಲ್ಲಿ ತೀರಿಕೊಂಡನು. ಗಾಳಿಯ ಟಯರಿನ ಚರಿತ್ರೆಯನ್ನು ಕುರಿತು ಅವನು ಬರೆದಿಟ್ಟದ್ದು ಮಗಳ ಆಸ್ಥೆಯಿಂದ ಮುಂದೆ ಪುಸ್ತಕವಾಗಿ ಹೊರಬಂದಿತು. ಎಷ್ಟೋ ವರ್ಷಗಳ ಮೇಲೆ ಉತ್ತರ ಐರ್ಲೆಂಡಿನ ಬ್ಯಾಂಕೊಂದು ತನ್ನ ಹತ್ತು ಪೌಂಡಿನ ನೋಟಿನ ಮೇಲೆ ಅವನ ಚಿತ್ರವನ್ನು ಅಚ್ಚುಹಾಕಿತು. ಕೈಗೆ ಬಾರದ ಹಣದ ಮೇಲೆ ಮುಖವಾದರೂ ಬಂದಿತು!

ಅವನ ಹೆಸರಿನ ಕಂಪೆನಿ 1936ರಲ್ಲಿ ಬಂಗಾಳದ ಸಾಹಾಗಂಜಿನಲ್ಲಿ ಕಾರ್ಖಾನೆ ತೆರೆಯಿತು. ಬಹುಕಾಲ ನಡೆದು ಅದೂ ಮುಚ್ಚಿತು. ಕಂಪೆನಿಗಳು ಹುಟ್ಟುತ್ತವೆ, ಕೈ ಬದಲಾಯಿಸುತ್ತವೆ, ಅಳಿಯುತ್ತವೆ. ಉಳಿಯುವುದು ಉಪಕಾರ. ನಮ್ಮ ಮಂಡ್ಯದ ಕಡೆಯ ಹಾದಿಗಳಲ್ಲಿ ಕಬ್ಬು ಹೇರಿಕೊಂಡು ಕಾರ್ಖಾನೆಯತ್ತ ಸಾಗುವ ಟಯರು ಗಾಡಿಯನ್ನು ನೋಡಿದವರಿಗೆ ಇದು ಹೊಳೆಯಬೇಕು. ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ ಬಿಗಿದಿದ್ದ ಕಾಲದಲ್ಲಿ ಎತ್ತಿನ ಕೊರಳು ಅನುಭವಿಸಿದ ಭಾರ ಈ ಟಯರಿನಿಂದ ಎಷ್ಟೋ ಹಗುರಾಯಿತು. ಮೂಕಪ್ರಾಣಿಗಳ ನೋವನ್ನು ಕೈಯಿಂದ ಮುಟ್ಟಿ ತಿಳಿಯುವುದೇ ವೃತ್ತಿಯಾಗಿದ್ದವನಿಗೆ ಲಕ್ಷಾಂತರ ಪೌಂಡಿಗಿಂತಲೂ ನೋಟಿನ ಮೇಲಣ ಚಿತ್ರಕ್ಕಿಂತಲೂ ಒಪ್ಪುವ ಸ್ಮಾರಕ ಅದು. ಆ ಎತ್ತುಗಳಿಗೆ ಅವನ ಹೆಸರು ಗೊತ್ತಿಲ್ಲ. ಗೊತ್ತಿರಬೇಕಾದ ಅಗತ್ಯವೂ ಇಲ್ಲ.