ಚಳಿಗೂ ಬಿಸಿಲಿಗೂ ಜಗ್ಗದ ರಬ್ಬರ್ – ಚಾರ್ಲ್ಸ್ ಗುಡ್‌ಇಯರ್

ಮಕ್ಕಳೇ, ಮಳೆ ಬಂದು ನಿಂತ ಮೇಲೆ ಕಬ್ಬಾಳದುರ್ಗದ ಬಂಡೆಯ ಮೇಲೆ ಕಾಲಿಟ್ಟಿದ್ದೀರಾ? ಒಣಗಿದ್ದಾಗ ಕಾಲಿಗೆ ಹಿಡಿತ ಕೊಡುವ ಅದೇ ಬಂಡೆ ನೆನೆದಾಗ ಜಾರುತ್ತದೆ. ಸವೆದ ಚಪ್ಪಲಿ ಹಾಕಿದ್ದರಂತೂ ಕೇಳುವುದೇ ಬೇಡ! ಚಪ್ಪಲಿ ಮತ್ತು ಬಂಡೆಯ ನಡುವಿನ ಘರ್ಷಣೆ ಕಡಿಮೆಯಾಗುವುದೇ ಇದಕ್ಕೆ ಕಾರಣ.

ನಮ್ಮ ಕಬ್ಬಾಳು, ಸಾತನೂರು ಕಡೆ ಹಿಮ ಬೀಳುವುದಿಲ್ಲ. ಆದರೆ ಕಾಶ್ಮೀರ, ಲಡಾಖ್, ಕೆನಡಾ ಮುಂತಾದ ಕಡೆ ಚಳಿಗಾಲದಲ್ಲಿ ರಸ್ತೆಯೇ ಹಿಮದಿಂದ ಮುಚ್ಚಿಹೋಗುತ್ತದೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುವ ಕಾರು, ಬ್ರೇಕ್ ಒತ್ತಿದ ಮೇಲೆ ಒಣ ಡಾಂಬರು ರಸ್ತೆಯಲ್ಲಿ ಸುಮಾರು 9 ಮೀಟರ್ ಸಾಗಿ ನಿಲ್ಲುತ್ತದೆ. ತುಳಿದು ಗಟ್ಟಿಯಾದ ಹಿಮದ ಮೇಲೆ ಸುಮಾರು 30 ಮೀಟರ್ ಬೇಕು. ಮಂಜುಗಡ್ಡೆಯ ಮೇಲಾದರೆ ಸುಮಾರು 60 ಮೀಟರ್! ಕಾರಿನ ಎಂಜಿನ್ ಎಷ್ಟೇ ಬಲವಾಗಿರಲಿ, ನೆಲವನ್ನು ಮುಟ್ಟುವುದು ನಾಲ್ಕು ಟೈರ್‌ಗಳ ಅಂಗೈಯಗಲದ ಭಾಗ ಮಾತ್ರ. ಆ ರಬ್ಬರ್ ಚಳಿಯಲ್ಲಿ ಕಲ್ಲಿನಂತಾದರೆ ಹಿಡಿತ ತಪ್ಪಿದಂತೆಯೇ.

ಪೇಟೆಯಲ್ಲಿ ಪಂಕ್ಚರ್ ಹಾಕುವ ಅಂಗಡಿಗಳ ಮುಂದೆ ‘ವಲ್ಕನೈಸಿಂಗ್’ ಎಂಬ ಬೋರ್ಡ್ ನೋಡಿದ್ದೀರಲ್ಲವೇ? ಚಳಿಗೂ ಬಿಸಿಲಿಗೂ ತಡೆದು ನಿಲ್ಲುವ ರಬ್ಬರಿನ ಗುಟ್ಟು ಆ ಪದದಲ್ಲಿದೆ. ಅದರ ಹಿಂದೆ ಒಬ್ಬ ಮನುಷ್ಯನ ಇಡೀ ಬದುಕೇ ಇದೆ. ಅವರೇ ಚಾರ್ಲ್ಸ್ ಗುಡ್‌ಇಯರ್.

ಗುಡ್‌ಇಯರ್ ಹುಟ್ಟಿದ್ದು 1800ರ ಡಿಸೆಂಬರ್ 29ರಂದು, ಅಮೆರಿಕದ ನ್ಯೂ ಹೇವನ್ ಊರಿನಲ್ಲಿ. ತಂದೆ ಗುಂಡಿಗಳನ್ನೂ ಬೇಸಾಯದ ಸಲಕರಣೆಗಳನ್ನೂ ತಯಾರಿಸುತ್ತಿದ್ದರು. ದೊಡ್ಡವರಾದ ಮೇಲೆ ಚಾರ್ಲ್ಸ್ ಫಿಲಡೆಲ್ಫಿಯಾದಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ ತೆರೆದರು. ವ್ಯಾಪಾರ ಕೈಕೊಟ್ಟಿತು, ಸಾಲ ಬೆಳೆಯಿತು. ಆ ಕಾಲದಲ್ಲಿ ಸಾಲ ತೀರಿಸದವರನ್ನು ಜೈಲಿಗೆ ಹಾಕುತ್ತಿದ್ದರು. ಗುಡ್‌ಇಯರ್ ಹಲವು ಬಾರಿ ಜೈಲು ಕಾಣಬೇಕಾಯಿತು.

ಆಗ ಅಮೆರಿಕದಲ್ಲಿ ರಬ್ಬರ್ ಹೊಸ ವಸ್ತು. ರಬ್ಬರ್ ಮರದ ತೊಗಟೆಯನ್ನು ಗೀರಿದರೆ ಹಾಲಿನಂಥ ಸೊನೆ ಒಸರುತ್ತದೆ; ಅದರಿಂದಲೇ ರಬ್ಬರ್ ಸಿಗುತ್ತದೆ. ನಮ್ಮ ರಾಜ್ಯದ ಸುಳ್ಯ, ಪುತ್ತೂರು ಕಡೆ ಈ ಮರಗಳ ತೋಟಗಳನ್ನು ಇಂದೂ ನೋಡಬಹುದು. ನೀರು ಸೋರದ ಬೂಟು, ಚೀಲ ಮಾಡಲು ರಬ್ಬರ್ ಚೆನ್ನಾಗಿತ್ತು. ಆದರೆ ಬೇಸಿಗೆ ಬಂದರೆ ಅದು ಕರಗಿ ಅಂಟಂಟಾಗಿ ನಾರುತ್ತಿತ್ತು. ಚಳಿಗಾಲದಲ್ಲಿ ಬಿರುಸಾಗಿ ಬಿರುಕು ಬಿಡುತ್ತಿತ್ತು. ಕೊಂಡವರು ಸಾಮಾನನ್ನು ಹಿಂದಿರುಗಿಸಿದರು, ಕಂಪನಿಗಳು ಮುಚ್ಚತೊಡಗಿದವು.

1834ರಲ್ಲಿ ನ್ಯೂಯಾರ್ಕಿನ ಒಂದು ರಬ್ಬರ್ ಅಂಗಡಿಯಲ್ಲಿ ಗುಡ್‌ಇಯರ್ ಅವರಿಗೆ ಈ ತೊಂದರೆ ತಿಳಿಯಿತು. ಇದಕ್ಕೆ ತಾನೇ ಪರಿಹಾರ ಹುಡುಕಬೇಕೆಂದು ಹಟ ತೊಟ್ಟರು. ಅವರು ರಸಾಯನಶಾಸ್ತ್ರ ಓದಿದವರಲ್ಲ, ಅವರಿಗೆ ಪ್ರಯೋಗಾಲಯವೂ ಇರಲಿಲ್ಲ. ಜೈಲಿನಲ್ಲಿದ್ದಾಗಲೇ ಮಡದಿ ಕ್ಲಾರಿಸಾರ ಲಟ್ಟಣಿಗೆ ತರಿಸಿಕೊಂಡು ರಬ್ಬರನ್ನು ನಾದಿ ಲಟ್ಟಿಸಿ ನೋಡಿದರು! ಸುಣ್ಣ, ಮೆಗ್ನೀಸಿಯಾ, ನೈಟ್ರಿಕ್ ಆಮ್ಲ – ಒಂದೊಂದನ್ನೂ ಬೆರೆಸಿ ಪರೀಕ್ಷಿಸಿದರು. ಒಮ್ಮೆ ಗೆದ್ದೆವೆಂದುಕೊಂಡು ಸರ್ಕಾರಕ್ಕೆ ಅಂಚೆ ಚೀಲಗಳನ್ನು ಮಾಡಿಕೊಟ್ಟರು. ಬೇಸಿಗೆಯ ಸೆಕೆಗೆ ಅವೂ ಹಾಳಾದವು.

ಮನೆಯಲ್ಲಿ ಕಡುಬಡತನ. ಮನೆಯ ಸಾಮಾನು ಒಂದೊಂದಾಗಿ ಮಾರಾಟವಾಯಿತು. ಮಕ್ಕಳ ಶಾಲಾ ಪುಸ್ತಕಗಳೂ ಉಳಿಯಲಿಲ್ಲ. ಅವರ 12 ಮಕ್ಕಳಲ್ಲಿ 6 ಮಕ್ಕಳು ಎಳೆ ವಯಸ್ಸಿನಲ್ಲೇ ತೀರಿಕೊಂಡರು. ನೆರೆಹೊರೆಯವರಿಗೆ ಅವರು ಹುಚ್ಚರಂತೆ ಕಂಡರು. ಆ ಹಟದ ಬೆಲೆಯನ್ನು ಅವರೊಬ್ಬರೇ ತೆರಲಿಲ್ಲ, ಇಡೀ ಮನೆಯೇ ತೆತ್ತಿತು ಎಂಬುದನ್ನು ನಾವು ಮರೆಯಬಾರದು.

ನಥಾನಿಯಲ್ ಹೇವರ್ಡ್ ಎಂಬವರು ರಬ್ಬರಿಗೆ ಗಂಧಕ ಬಳಸುತ್ತಿದ್ದರು. ಆ ವಿಧಾನವನ್ನು ಗುಡ್‌ಇಯರ್ ಅವರಿಂದ ಪಡೆದುಕೊಂಡರು. 1839ರಲ್ಲಿ ವೋಬರ್ನ್ ಎಂಬ ಊರಿನಲ್ಲಿ, ಗಂಧಕ ಬೆರೆಸಿದ ರಬ್ಬರಿನ ತುಂಡೊಂದು ಕಾದ ಒಲೆಗೆ ತಗುಲಿತು. ಅದು ಕರಗಬೇಕಿತ್ತು. ಆದರೆ ಚರ್ಮದಂತೆ ಕಪ್ಪಾಗಿ ಸುಟ್ಟಿತು. ಅದರ ಅಂಚು ಚೆನ್ನಾಗಿ ಹಿಗ್ಗಿ ಕುಗ್ಗುತ್ತಿತ್ತು. ಗುಡ್‌ಇಯರ್ ಆ ತುಂಡನ್ನು ರಾತ್ರಿಯಿಡೀ ಹೊರಗಿನ ಕೊರೆಯುವ ಚಳಿಯಲ್ಲಿ ಮೊಳೆ ಹೊಡೆದು ಇಟ್ಟರು. ಬೆಳಿಗ್ಗೆ ಮುಟ್ಟಿದರೆ, ಅದು ಇನ್ನೂ ಬಾಗುತ್ತಿತ್ತು!

ಒಲೆಗೆ ತಗುಲಿದ್ದು ಆಕಸ್ಮಿಕವಿರಬಹುದು. ಆದರೆ 5 ವರ್ಷ ಅದನ್ನೇ ಹುಡುಕುತ್ತಿದ್ದವರಿಗೆ ಮಾತ್ರ ಅದರ ಅರ್ಥ ಹೊಳೆಯಿತು. ಎಷ್ಟು ಗಂಧಕ, ಎಷ್ಟು ಶಾಖ, ಎಷ್ಟು ಹೊತ್ತು ಎಂದು ಕಂಡುಕೊಳ್ಳಲು ಇನ್ನೂ ಕೆಲವು ವರ್ಷ ಹಿಡಿಯಿತು. 1844ರ ಜೂನ್ 15ರಂದು ಅಮೆರಿಕದಲ್ಲಿ ಪೇಟೆಂಟ್ ದೊರೆಯಿತು. ಇಂಗ್ಲೆಂಡಿನಲ್ಲಿ ಮಾತ್ರ ಅವರ ರಬ್ಬರ್ ತುಂಡುಗಳನ್ನು ನೋಡಿದ್ದ ಥಾಮಸ್ ಹ್ಯಾನ್‌ಕಾಕ್ ಮೊದಲೇ ಅರ್ಜಿ ಹಾಕಿ ಹಕ್ಕು ಪಡೆದರು. ರೋಮನ್ನರ ಅಗ್ನಿದೇವತೆ ವಲ್ಕನ್‌ನ ಹೆಸರಿನಿಂದ ಈ ಕ್ರಿಯೆಗೆ ವಲ್ಕನೀಕರಣ ಎಂಬ ಹೆಸರು ಬಂತು.

ವಲ್ಕನೀಕರಣದಲ್ಲಿ ಏನಾಗುತ್ತದೆ? ರಬ್ಬರಿನ ಅಣುಗಳು ಶ್ಯಾವಿಗೆಯ ಎಳೆಗಳಂತೆ ಬಹಳ ಉದ್ದ. ಹಸಿ ರಬ್ಬರಿನಲ್ಲಿ ಅವು ಒಂದರ ಮೇಲೊಂದು ಜಾರುತ್ತವೆ. ಗಂಧಕ ಬೆರೆಸಿ ಕಾಯಿಸಿದಾಗ ಗಂಧಕದ ಪರಮಾಣುಗಳು ಎಳೆಗಳ ನಡುವೆ ಅಲ್ಲಲ್ಲಿ ಹೊಲಿಗೆ ಹಾಕುತ್ತವೆ. ಆಗ ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಮೊದಲಿನಂತಾಗುತ್ತದೆ. ಸೆಕೆಗೆ ಕರಗುವುದಿಲ್ಲ, ಚಳಿಗೆ ಬೇಗ ಬಿರುಕು ಬಿಡುವುದಿಲ್ಲ.

ಕೀರ್ತಿ ಬಂದರೂ ಗುಡ್‌ಇಯರ್ ಅವರ ಸಾಲ ತೀರಲಿಲ್ಲ. 1860ರ ಜುಲೈ 1ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡಾಗ ಸುಮಾರು 2 ಲಕ್ಷ ಡಾಲರ್ ಸಾಲ ಉಳಿದಿತ್ತು. ಅವರು ಮೋಟಾರು ಕಾರನ್ನು ಕಾಣಲೇ ಇಲ್ಲ. ಜರ್ಮನಿಯಲ್ಲಿ ಕಾರ್ಲ್ ಬೆಂಜ್ ತಮ್ಮ ಕಾರಿಗೆ ಪೇಟೆಂಟ್ ಪಡೆದದ್ದು 1886ರಲ್ಲಿ. ಡನ್‌ಲಪ್ ಗಾಳಿ ತುಂಬಿದ ಟೈರ್ ರೂಪಿಸಿದ್ದು 1888ರ ಸುಮಾರಿಗೆ. 1898ರಲ್ಲಿ ಶುರುವಾದ ಗುಡ್‌ಇಯರ್ ಟೈರ್ ಕಂಪನಿಯೂ ಅವರದಲ್ಲ. ಅವರ ಗೌರವಕ್ಕಾಗಿ ಆ ಹೆಸರಿಟ್ಟರು.

ಎಲ್ಲ ಟೈರ್‌ಗಳೂ ಹಿಮಕ್ಕೆ ಸಾಲವು. ಉಷ್ಣತೆ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಬೇಸಿಗೆಯ ಟೈರಿನ ರಬ್ಬರ್ ಬಿರುಸಾಗತೊಡಗುತ್ತದೆ. ಅದಕ್ಕಾಗಿ ಚಳಿಯಲ್ಲೂ ಮೆತ್ತಗಿರುವ ರಬ್ಬರಿನಿಂದ ಚಳಿಗಾಲದ ಟೈರ್ ಮಾಡುತ್ತಾರೆ. 1934ರಲ್ಲಿ ಫಿನ್‌ಲೆಂಡಿನಲ್ಲಿ ಇಂಥ ಟೈರ್ ತಯಾರಾಯಿತು. ಇದರ ಮೇಲಿನ ಆಳವಾದ ಗೀರುಗಳೂ ಸಣ್ಣ ಸೀಳುಗಳೂ ಹಿಮವನ್ನು ಕಚ್ಚಿ ಹಿಡಿಯುತ್ತವೆ. ಕೆನಡಾದ ಕ್ವಿಬೆಕ್‌ನಲ್ಲಿ ಚಳಿಗಾಲದಲ್ಲಿ ಇಂಥ ಟೈರ್ ಕಡ್ಡಾಯ. ನಮ್ಮ ಹಿಮಾಲಯದ ರಸ್ತೆಗಳಲ್ಲಿ ಟೈರಿಗೆ ಸರಪಳಿ ಸುತ್ತುವುದೂ ಉಂಟು. ಇಷ್ಟಾದರೂ ನಿಧಾನವಾಗಿ ಹೋಗಬೇಕು, ಮುಂದಿನ ಗಾಡಿಯಿಂದ ದೂರವಿರಬೇಕು, ಬ್ರೇಕನ್ನು ಮೆಲ್ಲಗೆ ಒತ್ತಬೇಕು.

ಮಾಡಿ ನೋಡಿ: ಒಂದು ಹಲಗೆಯ ಮೇಲೆ ಸವೆದ ಚಪ್ಪಲಿಯನ್ನೂ ಹೊಸ ಚಪ್ಪಲಿಯನ್ನೂ ಪಕ್ಕಪಕ್ಕದಲ್ಲಿಡಿ. ಹಲಗೆಯ ಒಂದು ತುದಿಯನ್ನು ನಿಧಾನವಾಗಿ ಎತ್ತಿ. ಯಾವುದು ಮೊದಲು ಜಾರಿತು? ಹಲಗೆಗೆ ನೀರು ಚಿಮುಕಿಸಿ ಮತ್ತೆ ನೋಡಿ. ಎರಡೂ ಸಲ ತುದಿ ಎಷ್ಟು ಎತ್ತರಕ್ಕೆ ಬಂದಿತ್ತೆಂದು ಸ್ಕೇಲಿನಿಂದ ಅಳೆದು ಬರೆದುಕೊಳ್ಳಿ. ರಬ್ಬರನ್ನು ಮಾತ್ರ ಎಂದೂ ಬೆಂಕಿಗೆ ಹಾಕಬೇಡಿ. ಅದರ ಹೊಗೆ ವಿಷ. ಒಲೆಯ ಪ್ರಯೋಗವನ್ನು ಗುಡ್‌ಇಯರ್ ನಮಗಾಗಿ ಆಗಲೇ ಮಾಡಿ ಮುಗಿಸಿದ್ದಾರೆ!