ಗಿಡಗಳ ವೈದ್ಯ ಡಾ. ಲೆಸ್ಲಿ ಕೋಲ್ಮನ್



ನಿಮ್ಮ ಮನೆಯ ಹಿತ್ತಲಲ್ಲಿ ಒಂದು ಗುಲಾಬಿ, ಒಂದು ನಿಂಬೆ, ನಾಲ್ಕಾರು ಮೆಣಸಿನ ಗಿಡಗಳು ಇರಬಹುದು. ಅವುಗಳ ಎಲೆ ಹಳದಿಯಾದರೆ, ಮುದುಡಿದರೆ, ಹೂವು ಉದುರಿದರೆ ನಾವು ಏನು ಮಾಡುತ್ತೇವೆ? ಯಾರೋ ಹೇಳಿದ ಔಷಧಿಯನ್ನು ಅಂಗಡಿಯಿಂದ ತಂದು ಹೊಡೆದುಬಿಡುತ್ತೇವೆ. ರೋಗ ಯಾವುದೆಂದು ತಿಳಿಯದೆ ಹೊಡೆದ ಔಷಧಿಯಿಂದ ಗಿಡ ಉಳಿಯುವುದಿಲ್ಲ. ಅದರ ಕಾಯಿ ತಿನ್ನುವ ನಮ್ಮ ಮಕ್ಕಳ ಆರೋಗ್ಯಕ್ಕೂ ಅದು ಒಳ್ಳೆಯದಲ್ಲ. ಮೊದಲು ಪರೀಕ್ಷೆ, ಆಮೇಲೆ ಔಷಧಿ ಎಂಬ ಪಾಠವನ್ನು ನೂರು ವರ್ಷಗಳ ಹಿಂದೆಯೇ ಕನ್ನಡ ನಾಡಿನ ತೋಟಗಳಲ್ಲಿ ಕಲಿಸಿಕೊಟ್ಟ ಒಬ್ಬ ಮಹನೀಯರಿದ್ದರು. ಅವರೇ ಡಾ. ಲೆಸ್ಲಿ ಚಾರ್ಲ್ಸ್ ಕೋಲ್ಮನ್.

ಕೋಲ್ಮನ್ ಹುಟ್ಟಿದ್ದು 1878ರಲ್ಲಿ, ದೂರದ ಕೆನಡಾ ದೇಶದ ಒಂಟಾರಿಯೊ ಪ್ರಾಂತದಲ್ಲಿ. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಓದಿ, ಜರ್ಮನಿಯ ಗಟಿಂಗನ್‌ನಲ್ಲಿ ಡಾಕ್ಟರೇಟ್ ಪಡೆದು, 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಸಸ್ಯರೋಗ ಮತ್ತು ಕೀಟಗಳ ಅಧ್ಯಯನ ಅವರಿಗೆ ವಹಿಸಿದ ಕೆಲಸವಾಗಿತ್ತು. ಅದಕ್ಕೂ ಮೊದಲೇ, 1899ರಲ್ಲಿ, ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ಪ್ರಯೋಗಕ್ಕಾಗಿ 30 ಎಕರೆ ಭೂಮಿ ಕೊಟ್ಟಿದ್ದರು.

ಆಗ ಮಲೆನಾಡಿನ ಅಡಿಕೆ ಬೆಳೆಗಾರರನ್ನು ಕೊಳೆರೋಗ ಕಾಡುತ್ತಿತ್ತು. ಮುಂಗಾರು ಮಳೆ ಹಿಡಿದರೆ ಸಾಕು, ಎಳೆಯ ಕಾಯಿಗಳ ಮೇಲೆ ನೀರು ಹೀರಿದಂತಹ ಕಲೆ ಮೂಡಿ, ಬಿಳಿ ಬೂಷ್ಟು ಬಂದು, ಕಾಯಿಗಳು ರಾಶಿ ರಾಶಿಯಾಗಿ ಉದುರುತ್ತಿದ್ದವು. ವರ್ಷದ ದುಡಿಮೆ ಕೆಲವೇ ವಾರಗಳಲ್ಲಿ ಮಣ್ಣು ಪಾಲಾಗುತ್ತಿತ್ತು. ರೈತರು ಅಡಿಕೆ ಕೊನೆಗಳಿಗೆ ಮಳೆ ತಾಗದಂತೆ ಕೊಟ್ಟೆ ಕಟ್ಟುತ್ತಿದ್ದರು. ಪ್ರತಿ ಮರ ಹತ್ತಿ, ಪ್ರತಿ ಕೊನೆಗೂ ಕಟ್ಟಬೇಕಾದ ಕಷ್ಟದ ಕೆಲಸ ಅದು.

ಕೋಲ್ಮನ್ ಬಂದವರೇ ಔಷಧಿ ಹಂಚಲಿಲ್ಲ. ಮೊದಲು ರೋಗದ ಬೇರು ಹುಡುಕಿದರು. ಕೊಳೆತ ಕಾಯಿಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಫೈಟೊಫ್ತೊರಾ ಎಂಬ ಬೂಷ್ಟಿನಂತಹ ಸೂಕ್ಷ್ಮಜೀವಿ ಇದಕ್ಕೆ ಕಾರಣವೆಂದು 1910ರಲ್ಲಿ ಪ್ರಕಟಿಸಿದರು. ಇದು ಮಳೆನೀರಿನ ಹನಿಗಳ ಮೂಲಕ ಹರಡುತ್ತದೆ, ರೋಗ ತಗುಲಿ ಸತ್ತ ಭಾಗಗಳಲ್ಲಿ ಅಡಗಿದ್ದು ಮುಂದಿನ ಮಳೆಗಾಲಕ್ಕೆ ಮತ್ತೆ ಏಳುತ್ತದೆ. ಕಾರಣ ತಿಳಿದ ಮೇಲೆ ಉಪಾಯವೂ ಹೊಳೆಯಿತು. ರೋಗದ ಭಾಗಗಳನ್ನು ತೆಗೆದು ಸುಡುವುದು ಮೊದಲನೆಯದು. ಮಳೆ ಹಿಡಿಯುವ ಮೊದಲೇ ಕೊನೆಗಳಿಗೆ ಬೋರ್ಡೋ ದ್ರಾವಣ ಸಿಂಪಡಿಸುವುದು ಎರಡನೆಯದು. ಮೈಲುತುತ್ತ ಮತ್ತು ಸುಣ್ಣ ಸೇರಿಸಿದ ಈ ದ್ರಾವಣವನ್ನು ಫ್ರಾನ್ಸಿನ ದ್ರಾಕ್ಷಿ ತೋಟಗಳಿಗಾಗಿ ಕಂಡುಹಿಡಿದಿದ್ದರು. ನಮ್ಮ ಜಡಿಮಳೆಗೆ ಅದು ತೊಳೆದು ಹೋಗದಂತೆ ರಾಳದಂತಹ ಅಂಟು ಬೆರೆಸುವ ಪ್ರಯೋಗಗಳೂ ನಡೆದವು. ಇಂದಿಗೂ ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುನ್ನ ಈ ದ್ರಾವಣ ಹೊಡೆಯುತ್ತಾರೆ.

ನಮ್ಮ ಭಾಗದವರಿಗೆ ಪರಿಚಿತವಾದ ಜೋಳದ ಬೆಳೆಗೂ ಕೋಲ್ಮನ್ ಅವರ ಹೆಸರಿಗೂ ನಂಟಿದೆ. ದಖ್ಖನ್ ಸೀಮೆಯ ಜೋಳವನ್ನು ತಿಂದು ಹಾಕುತ್ತಿದ್ದ ರೆಕ್ಕೆಯಿಲ್ಲದ ಒಂದು ಮಿಡತೆಯ ಬಗ್ಗೆ ಅವರು 1911ರಲ್ಲಿ ಬರೆದರು. ವಿಜ್ಞಾನಿಗಳು ಆ ಮಿಡತೆಗೆ ಅವರ ಹೆಸರನ್ನೇ ಸೇರಿಸಿ ಕೋಲ್ಮೇನಿಯಾ ಎಂದು ಕರೆದಿದ್ದಾರೆ. ಅದರ ಮೊಟ್ಟೆಗಳು ಮಣ್ಣಿನಲ್ಲಿರುತ್ತವೆ. ಹೊಲವನ್ನು ಆಳವಾಗಿ ಉತ್ತರೆ ಆ ಮೊಟ್ಟೆಗಳು ಮೇಲೆ ಬಂದು ನಾಶವಾಗುತ್ತವೆ. ಶತ್ರುವಿನ ಜೀವನಕ್ರಮ ತಿಳಿದರೆ ನೇಗಿಲೇ ಔಷಧಿಯಾಗುತ್ತದೆ.

ಎಲ್ಲ ರೋಗಕ್ಕೂ ಅವರಿಗೆ ಮದ್ದು ಸಿಗಲಿಲ್ಲ. ಗಂಧದ ಮರದ ಎಲೆಗಳು ಸಣ್ಣದಾಗಿ, ಗೊಂಚಲಾಗಿ, ಮರವೇ ಸಾಯುವ ಸ್ಪೈಕ್ ರೋಗವನ್ನೂ ಅವರು ಪರೀಕ್ಷಿಸಿದರು. ಕಸಿ ಮಾಡಿದರೆ ರೋಗದ ಮರದಿಂದ ಒಳ್ಳೆಯ ಮರಕ್ಕೆ ಅದು ಹರಡುತ್ತದೆಂದು 1917ರಲ್ಲಿ ತೋರಿಸಿದರು. ರೋಗ ಬಂದ ಗಂಧದ ಮರವನ್ನು ಪೂರ್ತಿ ಗುಣಪಡಿಸುವ ಮದ್ದು ರೈತನ ಕೈಗೆ ಇಂದಿಗೂ ಬಂದಿಲ್ಲ. ಕೆಲವು ರೋಗಗಳಲ್ಲಿ ಆ ಗಿಡವನ್ನು ಕಿತ್ತು ಉಳಿದವನ್ನು ಕಾಪಾಡುವುದೇ ದಾರಿ.

ಕೋಲ್ಮನ್ ಮುಂದೆ ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾದರು. 1913ರಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆ, 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ ಆರಂಭವಾದವು. ಸರ್ ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದ ಕಾಲದಲ್ಲಿ, ಮಂಡ್ಯದಲ್ಲಿ ಕಬ್ಬಿನ ಬೆಳೆ ಮತ್ತು 1933ರ ಸಕ್ಕರೆ ಕಾರ್ಖಾನೆಯ ಹಿಂದೆಯೂ ಕೋಲ್ಮನ್ ಅವರ ಶ್ರಮವಿತ್ತು. 1934ರಲ್ಲಿ ನಿವೃತ್ತರಾಗಿ ತಾಯ್ನಾಡಿಗೆ ಮರಳಿದರು. 1954ರಲ್ಲಿ ನಿಧನರಾದರು.

ವಿದ್ಯಾರ್ಥಿಗಳೇ, ಈ ವಿದ್ಯೆ ನಮ್ಮ ಪೂರ್ವಿಕರಿಗೂ ಹೊಸದಲ್ಲ. 12ನೇ ಶತಮಾನದಲ್ಲಿ ಸ್ಪೇನಿನ ಇಶ್ಬೀಲಿಯಾ ನಗರದ ಇಬ್ನುಲ್ ಅವ್ವಾಮ್ ಬರೆದ ಕಿತಾಬುಲ್ ಫಲಾಹಾ ಎಂಬ ಅರಬಿ ಗ್ರಂಥದಲ್ಲಿ ನೂರಾರು ಸಸ್ಯಗಳ ಬೇಸಾಯದ ಜೊತೆಗೆ ಗಿಡಗಳ ರೋಗ ಮತ್ತು ಚಿಕಿತ್ಸೆಯ ವಿವರಗಳಿವೆ. ಜ್ಞಾನಕ್ಕೆ ದೇಶ, ಧರ್ಮಗಳ ಗಡಿ ಇಲ್ಲ.

ಕೋಲ್ಮನ್ ಅವರ ಪಾಠವನ್ನು ನಮ್ಮ ಹಿತ್ತಲಿಗೆ ಹೇಗೆ ತರಬಹುದು? ಗಿಡ ಬಾಡಿದಾಗ ಮೊದಲು ಮಣ್ಣು ಮುಟ್ಟಿ ನೋಡಿ. ಬಹಳ ಸಲ ನೀರು ಹೆಚ್ಚಾಗಿಯೇ ಬೇರು ಕೊಳೆತಿರುತ್ತದೆ. ಅದನ್ನು ಬಾಯಾರಿಕೆಯೆಂದು ತಿಳಿದು ಇನ್ನಷ್ಟು ನೀರು ಹಾಕಿದರೆ ಗಿಡ ಸಾಯುತ್ತದೆ. ಕುಂಡದ ತಳದ ತೂತು ಮುಚ್ಚಿಲ್ಲವೆಂದು ಖಚಿತಪಡಿಸಿಕೊಳ್ಳಿ. ಆಮೇಲೆ ಎಲೆಯ ಹಿಂಬದಿ ನೋಡಿ. ದಾಸವಾಳದಲ್ಲಿ ಬಿಳಿ ಹಿಟ್ಟಿನಂತಹ ತಿಗಣೆ ಕಂಡರೆ ಅದು ಕೀಟ. ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಸ್ವಲ್ಪ ಸಾಬೂನು ಬೆರೆಸಿ ಸಂಜೆ ಸಿಂಪಡಿಸಿ. ಮೆಣಸಿನ ಎಲೆ ಮುದುಡಿದ್ದರೆ ನುಸಿ, ಥ್ರಿಪ್ಸ್ ಅಥವಾ ನಂಜು ರೋಗ ಇರಬಹುದು. ಇಲ್ಲಿ ಮೈಲುತುತ್ತ ಕೆಲಸ ಮಾಡುವುದಿಲ್ಲ. ಪಪ್ಪಾಯಿಗೆ ಉಂಗುರ ಚುಕ್ಕೆಯ ನಂಜು ರೋಗ ಬಂದರೆ ಗಿಡ ಕಿತ್ತು ಹಾಕುವುದೇ ಲೇಸು.

ಮಳೆಗಾಲದಲ್ಲಿ ಎಲೆ, ಕಾಯಿ ಕೊಳೆಯುವ ರೋಗಕ್ಕೆ ಬೋರ್ಡೋ ದ್ರಾವಣವನ್ನು ಮನೆಯಲ್ಲೇ ಮಾಡಬಹುದು. ಉರ್ದುವಿನಲ್ಲಿ ನೀಲಾ ಥೋಥಾ ಎನ್ನುವ ಮೈಲುತುತ್ತ 10 ಗ್ರಾಂ ಅನ್ನು ಅರ್ಧ ಲೀಟರ್ ನೀರಿನಲ್ಲಿ ಕರಗಿಸಿ. ಇನ್ನೊಂದು ಅರ್ಧ ಲೀಟರ್‌ನಲ್ಲಿ 10 ಗ್ರಾಂ ಸುಣ್ಣ ಕಲಸಿ ಸೋಸಿ. ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ನಿಧಾನವಾಗಿ ಸುರಿಯುತ್ತ ಕಲಕಿ. ಪಾತ್ರೆ ಪ್ಲಾಸ್ಟಿಕ್ ಅಥವಾ ಮಣ್ಣಿನದಿರಲಿ, ಕಬ್ಬಿಣದ್ದು ಬೇಡ. ಉಜ್ಜಿದ ಕಬ್ಬಿಣದ ಚಾಕುವನ್ನು ಅದರಲ್ಲಿ ಒಂದು ನಿಮಿಷ ಅದ್ದಿ. ಕೆಂಪು ಬಣ್ಣ ಹಿಡಿದರೆ ಇನ್ನಷ್ಟು ಸುಣ್ಣ ಬೇಕು. ಅದೇ ದಿನ ಬಳಸಿ. ಸಿಂಪಡಿಸುವ ಕೆಲಸ ದೊಡ್ಡವರದು, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡಿರಬೇಕು. ಇದು ರೋಗ ತಡೆಯುವ ಮದ್ದು, ಕೊಳೆತದ್ದನ್ನು ಸರಿಮಾಡುವುದಿಲ್ಲ. ಆದ್ದರಿಂದ ಮಳೆಗೆ ಮುಂಚೆಯೇ ಹೊಡೆಯಬೇಕು.

ನಮ್ಮ ಸವಣೂರಿನ ವೀಳ್ಯದೆಲೆ ಹೆಸರಾದದ್ದು. ಆ ಬಳ್ಳಿಯ ಬುಡ ಕೊಳೆಸುವುದೂ ಫೈಟೊಫ್ತೊರಾ ಕುಲದ ಸೂಕ್ಷ್ಮಜೀವಿಯೇ. ಮಲೆನಾಡಿನ ಅಡಿಕೆಗೂ ನಮ್ಮ ಎಲೆಗೂ ಶತ್ರುವಿನ ಮನೆತನ ಒಂದೇ. ನೀರು ನಿಲ್ಲದಂತೆ ಬಸಿಗಾಲುವೆ ತೆಗೆಯುವುದು, ಸತ್ತ ಬಳ್ಳಿ ತೆಗೆದು ಸುಡುವುದು ಇಲ್ಲಿಯೂ ಮೊದಲ ಚಿಕಿತ್ಸೆ. ಹತ್ತಿಮತ್ತೂರಿನಂತಹ ಹಳ್ಳಿಗಳ ನಮ್ಮ ಮಕ್ಕಳು ಡಾಕ್ಟರ್, ಇಂಜಿನಿಯರ್ ಆಗಲೆಂದು ಬಯಸುತ್ತೇವೆ. ಅವರಲ್ಲಿ ಕೆಲವರಾದರೂ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿ ಗಿಡಗಳ ಡಾಕ್ಟರ್ ಆಗಲಿ.

ಒಬ್ಬನು ನೆಟ್ಟ ಗಿಡದಿಂದ ಮನುಷ್ಯನಾಗಲಿ, ಹಕ್ಕಿಯಾಗಲಿ, ಪ್ರಾಣಿಯಾಗಲಿ ತಿಂದರೆ ಅದು ಅವನ ಪಾಲಿಗೆ ಸದಕಾ ಎಂದು ಪ್ರವಾದಿವರ್ಯರು (ಸ) ನಮಗೆ ತಿಳಿಸಿಕೊಟ್ಟಿದ್ದಾರೆ. ನೆಟ್ಟ ಗಿಡ ಫಲ ಕೊಡುವವರೆಗೂ ಅದನ್ನು ಕಾಯುವುದು ನಮ್ಮ ಹೊಣೆ. ಈ ವರ್ಷ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ಗಿಡವನ್ನು ತನ್ನದೆಂದು ಆರಿಸಿಕೊಂಡು, ವಾರಕ್ಕೊಮ್ಮೆ ಅದರ ಎಲೆ, ಬುಡ ನೋಡಿ ನೋಟ್ ಪುಸ್ತಕದಲ್ಲಿ ಬರೆದಿಡಲಿ. ಅಲ್ಲಾಹನು ನಮ್ಮ ಮಕ್ಕಳಿಗೆ ಉಪಯುಕ್ತ ಜ್ಞಾನವನ್ನು ದಯಪಾಲಿಸಲಿ, ಆಮೀನ್.